ಸೂತ್ರದಲ್ಲಿ ಎರವಲು ಅಕ್ಷರ: ಫಾಂಟ್‌ಗಳನ್ನು ಬೆರೆಸಿದಾಗ ಬರುವ ದೋಷಗಳನ್ನು ಪತ್ತೆ ಹಚ್ಚುವುದು

ಪಿಯುಸಿ ವಿದ್ಯಾರ್ಥಿಗಳಿಗೆಂದು ಕನ್ನಡದಲ್ಲಿ ಬರೆದ ಕಲನಶಾಸ್ತ್ರದ ಪುಸ್ತಕವೊಂದಕ್ಕೆ ಲೇಟೆಕ್ ಎಂಬ ಅಕ್ಷರಜೋಡಣೆಯ ತಂತ್ರಾಂಶದಲ್ಲಿ ಪುಟ ಕಟ್ಟುತ್ತಿದ್ದೆ. ಪಠ್ಯಕ್ಕೆ ನೋಟೋ ಸೆರಿಫ್ ಕನ್ನಡ, ಸೂತ್ರಗಳಿಗೆ ಲ್ಯಾಟಿನ್ ಮಾಡರ್ನ್ ಮ್ಯಾತ್. ಲೇಖಕರಿಗೆ ಅದರ ಓರೆಯಾದ ∫ ಹಿಡಿಸಲಿಲ್ಲ, ನೆಟ್ಟಗೆ ನಿಂತ ಚಿಹ್ನೆ ಬೇಕು ಎಂದರು. ಒಂದೇ ಒಂದು ಚಿಹ್ನೆ ತಾನೇ ಎಂದು ಇನ್ನೊಂದು ಗಣಿತ ಫಾಂಟಿನಿಂದ ತಂದು ಸೇರಿಸಿದೆ. ಮರುದಿನ ಕರಡು ತೆಗೆದು ನೋಡಿದರೆ ∫ ಚೆನ್ನಾಗಿಯೇ ಕೂತಿತ್ತು. ಆದರೆ ಪುಸ್ತಕದುದ್ದಕ್ಕೂ ಭಿನ್ನರಾಶಿಗಳ ಗೆರೆ ದಪ್ಪವಾಗಿತ್ತು, ಘಾತಗಳು ಕೂದಲೆಳೆಯಷ್ಟು ಮೇಲೇರಿದ್ದವು. ಮುಟ್ಟಿದ್ದು ಒಂದನ್ನು, ಕದಲಿದ್ದು ಎಲ್ಲವೂ.

ಇದಕ್ಕೆ ಕಾರಣ ಗಣಿತ ಫಾಂಟಿನ ಸ್ವಭಾವದಲ್ಲೇ ಇದೆ. ಅದರೊಳಗೆ ಅಕ್ಷರಗಳ ಚಿತ್ರಗಳಷ್ಟೇ ಅಲ್ಲದೆ ಅಳತೆಗಳ ಒಂದು ದೊಡ್ಡ ಪಟ್ಟಿಯೂ ಇರುತ್ತದೆ: ಘಾತ ಎಷ್ಟು ಎತ್ತರಕ್ಕೆ ಏರಬೇಕು, ಭಿನ್ನರಾಶಿಯ ಗೆರೆ ಎಷ್ಟು ದಪ್ಪವಿರಬೇಕು, ವರ್ಗಮೂಲದ ಛಾವಣಿಗೂ ಒಳಗಿನ ಸಂಖ್ಯೆಗೂ ನಡುವೆ ಎಷ್ಟು ಸಂದು ಬಿಡಬೇಕು. ಲೇಟೆಕ್‌ನ ತಳಹದಿಯಾದ, ಡೊನಾಲ್ಡ್ ಕ್ನೂತ್ ಅವರ ಟೆಕ್‌ನಲ್ಲಿ ಚಿಹ್ನೆಗಳ ಫಾಂಟಿಗೆ ಕನಿಷ್ಠ 22, ದೊಡ್ಡ ಚಿಹ್ನೆಗಳ ಫಾಂಟಿಗೆ ಕನಿಷ್ಠ 13 ಇಂಥ ಅಳತೆಗಳು ಬೇಕೇ ಬೇಕು. ಮೈಕ್ರೋಸಾಫ್ಟ್ ಆಫೀಸ್ 2007ರ ಜೊತೆ ಕೇಂಬ್ರಿಯಾ ಮ್ಯಾತ್ ಬಂದಾಗಿನಿಂದ ಓಪನ್‌ಟೈಪ್ ಮಾದರಿಯ ಗಣಿತ ಫಾಂಟ್‌ಗಳೂ 'ಮ್ಯಾತ್ ಕೋಷ್ಟಕ' ಎಂಬ ಭಾಗದಲ್ಲಿ ಇಂಥ ಐವತ್ತಕ್ಕೂ ಹೆಚ್ಚು ಅಳತೆಗಳನ್ನು ಇಟ್ಟುಕೊಳ್ಳುತ್ತಿವೆ. ಒಂದು ಗ್ಲಿಫ್ ಅನ್ನು, ಎಂದರೆ ಫಾಂಟಿನಲ್ಲಿರುವ ಒಂದು ಅಕ್ಷರರೂಪವನ್ನು, ಎರವಲು ತಂದಾಗ ಈ ಅಳತೆಗಳು ಹಳೆಯ ಮನೆಯಲ್ಲೇ ಉಳಿದುಬಿಡುತ್ತವೆ, ಇಲ್ಲವೇ ಕರೆಯದೆಯೇ ಜೊತೆಗೆ ಬಂದು ಮನೆಯ ಯಜಮಾನಿಕೆ ನಡೆಸುತ್ತವೆ. ಕೆಳಗಿನ ದೋಷಗಳಲ್ಲಿ ಹೆಚ್ಚಿನವು ಈ ಎರಡರಲ್ಲಿ ಒಂದು.

ಕೈ ಹಾಕುವ ಮೊದಲು

ಮೂಲ ಕಡತದ ಪ್ರತಿ ತೆಗೆದಿಟ್ಟುಕೊಳ್ಳಿ. ಇನ್ನೂರು ಪುಟದ ಪುಸ್ತಕದಲ್ಲೇ ದೋಷ ಹುಡುಕಬೇಡಿ. ಹತ್ತು ಸಾಲಿನ ಹೊಸ ಕಡತ ಮಾಡಿ, ಅದರಲ್ಲಿ ಫಾಂಟ್‌ಗಳ ಆದೇಶಗಳನ್ನೂ ಕೆಟ್ಟಿರುವ ಒಂದೇ ಸೂತ್ರವನ್ನೂ ಹಾಕಿ. ಅಲ್ಲಿ ದೋಷ ಕಾಣದಿದ್ದರೆ ತಪ್ಪು ಫಾಂಟಿನದ್ದಲ್ಲ, ಬೇರಾವುದೋ ಪ್ಯಾಕೇಜಿನದು (ಲೇಟೆಕ್‌ಗೆ ಸೇರಿಸಿಕೊಳ್ಳುವ ಹೆಚ್ಚುವರಿ ಆದೇಶಗಳ ಕಟ್ಟು).

ಆಮೇಲೆ ಎರಡು ಪುಕ್ಕಟೆ ಪರೀಕ್ಷೆ. ಲೇಟೆಕ್ ಓಡುವಾಗ ತಾನೇ ಬರೆದಿಡುವ ಸಹಾಯಕ ಕಡತಗಳನ್ನೆಲ್ಲ ಅಳಿಸಿ ಮತ್ತೆ ಓಡಿಸಿ. ಗಣಕದಲ್ಲಿ ಒಂದೇ ಫಾಂಟಿನ ಎರಡು ಆವೃತ್ತಿಗಳಿವೆಯೇ ನೋಡಿ. ಸ್ಟಿಕ್ಸ್ ಮತ್ತು ಸ್ಟಿಕ್ಸ್ ಟೂ ಹೆಸರಿನಲ್ಲಿ ಹತ್ತಿರ, ಆದರೆ ಬೇರೆ ಬೇರೆ ಫಾಂಟ್‌ಗಳು. ಒಂದು ಯಂತ್ರದಲ್ಲಿ ಸರಿಯಾಗಿದ್ದು ಇನ್ನೊಂದರಲ್ಲಿ ಕೆಡುವ ಕಡತವಾಗಿದ್ದರೆ ನಾನು ಮೊದಲು ಅನುಮಾನಿಸುವುದು ಆವೃತ್ತಿಯನ್ನು.

ಲಕ್ಷಣ: ಚಿಹ್ನೆ ಇರಬೇಕಾದ ಕಡೆ ಬರಿಯ ಜಾಗ ಅಥವಾ ಖಾಲಿ ಚೌಕ

ಆ ಫಾಂಟಿನಲ್ಲಿ ಆ ಗ್ಲಿಫ್ ಇಲ್ಲ. ಲಾಗ್ ಕಡತ ತೆರೆದು 'ಮಿಸ್ಸಿಂಗ್ ಕ್ಯಾರೆಕ್ಟರ್' ಎಂಬ ಸಾಲನ್ನು ಹುಡುಕಿ. ಯಾವ ಚಿಹ್ನೆ, ಯಾವ ಫಾಂಟ್ ಎಂದು ಅಲ್ಲೇ ಬರೆದಿರುತ್ತದೆ. ಈ ಎಚ್ಚರಿಕೆ ಸದ್ದಿಲ್ಲದೆ ಲಾಗ್‌ನೊಳಗೆ ಹೂತುಹೋಗುವುದೇ ತೊಂದರೆ. ಟ್ರೇಸಿಂಗ್‌ಲಾಸ್ಟ್‌ಕ್ಯಾರ್ಸ್ ಎಂಬ ಬೆಲೆಯನ್ನು 3ಕ್ಕೆ ಏರಿಸಿದರೆ 2021ರಿಂದೀಚಿನ ಟೆಕ್ ಲೈವ್ (ಟೆಕ್ ತಂತ್ರಾಂಶಗಳನ್ನೆಲ್ಲ ಒಟ್ಟಿಗೆ ಕೊಡುವ ಕಟ್ಟು) ಇದನ್ನು ದೋಷವೆಂದೇ ಎಣಿಸಿ ಕೆಲಸ ನಿಲ್ಲಿಸುತ್ತದೆ. ಗಣಿತ ಪುಸ್ತಕ ಮಾಡುವವರೆಲ್ಲರೂ ಇದನ್ನು ಇಟ್ಟುಕೊಳ್ಳಬೇಕೆಂದು ನಾನು ಒತ್ತಿ ಹೇಳುತ್ತೇನೆ. ಸಮೀಕರಣದಲ್ಲಿ ಒಂದು ≤ ಮಾಯವಾದರೆ ಓದುವ ಹುಡುಗನಿಗೆ ಅದು ಅಚ್ಚಿನ ತಪ್ಪೆಂದು ಗೊತ್ತಾಗುವುದಿಲ್ಲ. ತನಗೇ ಅರ್ಥವಾಗುತ್ತಿಲ್ಲ ಎಂದುಕೊಳ್ಳುತ್ತಾನೆ.

ಖಾಲಿ ಜಾಗದ ಬದಲು ಸಂಬಂಧವೇ ಇಲ್ಲದ ಅಕ್ಷರ ಬಂದಿದ್ದರೆ ಅದು ಸಂಕೇತಸ್ಥಾನದ ತಪ್ಪು. ಲೇಟೆಕ್ ಓಡಿಸುವ ಹಳೆಯ ಎಂಜಿನ್ ಆದ ಪಿಡಿಎಫ್‌ಲೇಟೆಕ್‌ನ ಫಾಂಟ್‌ಗಳಲ್ಲಿ ಪ್ರತಿಯೊಂದಕ್ಕೂ ತನ್ನದೇ ಅಂಕೆಗಳ ಮನೆಗಳಿರುತ್ತವೆ, ಒಂದರ ಮನೆಸಂಖ್ಯೆ ಇನ್ನೊಂದಕ್ಕೆ ಹೊಂದುವುದಿಲ್ಲ. ಯೂನಿಕೋಡ್‌ಗೆ (ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಜಾಗತಿಕ ಪಟ್ಟಿ) ಮುಂಚಿನ ಕನ್ನಡ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಪಠ್ಯವನ್ನು ತಂದು ಅಂಟಿಸಿದಾಗಲೂ ಇದೇ ಆಗುತ್ತದೆ. ಅವುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ತುಂಡುಗಳನ್ನು ಕೂರಿಸಿರುವುದರಿಂದ 'ಎಕ್ಸ್' ಒತ್ತಿದರೆ ಯಾವುದೋ ಕನ್ನಡ ತುಂಡು ಮೂಡುತ್ತದೆ. ಅಂಥ ಪಠ್ಯವನ್ನು ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಿ. ಮೇಲಿಂದ ಮೇಲೆ ತೇಪೆ ಹಾಕುತ್ತ ಹೋಗಬೇಡಿ.

ಲಕ್ಷಣ: ಅಕ್ಷರಮಾಲೆಯೆಲ್ಲ ಬದಲಾಗಿದೆ, 'ಎಚ್' ಒಂದೇ ಹಳೆಯದಾಗಿ ಉಳಿದಿದೆ

ಮೊದಲ ಬಾರಿ ಇದನ್ನು ಕಂಡಾಗ ಅರ್ಧ ದಿನ ಕಳೆದಿದ್ದೇನೆ. ಕಾರಣ ಬಹಳ ಸರಳ. 2001ರಲ್ಲಿ ಯೂನಿಕೋಡ್ 3.1 ಗಣಿತದ ಅಕ್ಷರಮಾಲೆಗಳಿಗೆಂದೇ ಹೊಸ ಬಡಾವಣೆಯೊಂದನ್ನು ಕೊಟ್ಟಿತು: ದಶಮಾನದಲ್ಲಿ 119808ರಿಂದ 120831ರವರೆಗೆ. ಆದರೆ ಅಷ್ಟರಲ್ಲೇ ಬೇರೆಡೆ ಮನೆ ಮಾಡಿಕೊಂಡಿದ್ದ ಅಕ್ಷರಗಳಿಗೆ ಎರಡನೇ ಮನೆ ಕೊಡಲಿಲ್ಲ. ಇಟ್ಯಾಲಿಕ್ ಸಣ್ಣ ಎಚ್ ಪ್ಲಾಂಕ್ ಸ್ಥಿರಾಂಕವಾಗಿ 8462ರಲ್ಲಿ ಆಗಲೇ ಇತ್ತು. ಹಾಗಾಗಿ ಹೊಸ ಬಡಾವಣೆಯಲ್ಲಿ ಅದರ ನಿವೇಶನ 119893 ಇವತ್ತಿಗೂ ಖಾಲಿ ಬಿದ್ದಿದೆ. ಎರವಲು ತರಬೇಕಾದ ಅಕ್ಷರಗಳ ವ್ಯಾಪ್ತಿಯನ್ನು ನೀವು ಅಂಕೆಗಳಲ್ಲಿ ಕೊಟ್ಟಿದ್ದರೆ ಎಚ್ ಅದರ ಹೊರಗೆ ಉಳಿಯುತ್ತದೆ.

ಜೋಡಿಗೆರೆಯ (ಒಂದು ಗೆರೆಯನ್ನು ಎರಡಾಗಿ ಬರೆದ, ℝ ಥರದ) ದೊಡ್ಡಕ್ಷರಗಳಲ್ಲಿ ಸಂಕಟ ಇನ್ನೂ ಹೆಚ್ಚು. ಅಲ್ಲಿ ಹೊರಗುಳಿದವು ಏಳು: ಸಿ, ಎಚ್, ಎನ್, ಪಿ, ಕ್ಯೂ, ಆರ್, ಝಡ್. ಸ್ವಾಭಾವಿಕ ಸಂಖ್ಯೆ, ಪೂರ್ಣಾಂಕ, ಭಾಗಲಬ್ಧ, ವಾಸ್ತವ, ಸಂಕೀರ್ಣ ಸಂಖ್ಯೆಗಳ ಗಣಗಳೆಲ್ಲ ಇದರಲ್ಲೇ ಬಂದವು. ದಿನವೂ ಬೇಕಾದ ಅಕ್ಷರಗಳು ಹಳೆಯ ಫಾಂಟಿನಲ್ಲಿ, ಯಾರೂ ಬಳಸದ ಉಳಿದವು ಹೊಸದರಲ್ಲಿ! ಬರವಣಿಗೆಯ ಶೈಲಿಯ ಸ್ಕ್ರಿಪ್ಟ್ ಅಕ್ಷರಗಳಲ್ಲಿ ಹೀಗೆ ಹೊರಗುಳಿದವು ಹನ್ನೊಂದು, ಹಳೆಯ ಜರ್ಮನ್ ಶೈಲಿಯ ಫ್ರಾಕ್ಟುರ್‌ನಲ್ಲಿ ಐದು.

ಪರಿಹಾರಕ್ಕೆ ಎರಡು ನಿಮಿಷ ಸಾಕು. ಯೂನಿಕೋಡ್-ಮ್ಯಾತ್ ಪ್ಯಾಕೇಜಿನ ಸೆಟ್‌ಮ್ಯಾತ್‌ಫಾಂಟ್ ಆದೇಶದಲ್ಲಿ ರೇಂಜ್‌ಗೆ (ಈ ವ್ಯಾಪ್ತಿಯನ್ನು ಹೇಳುವ ಆಯ್ಕೆ) ಅಂಕೆಗಳ ಬದಲು ಅಕ್ಷರಮಾಲೆಯ ಹೆಸರು ಕೊಡಿ, ಉದಾಹರಣೆಗೆ ಮ್ಯಾತ್‌ಬಿಬಿ. ಈ ಅಪವಾದಗಳೆಲ್ಲ ಪ್ಯಾಕೇಜಿಗೆ ಗೊತ್ತಿವೆ.

ಲಕ್ಷಣ: ಸೂತ್ರದೊಳಗೆ ಬರೆದ ಕನ್ನಡ ಕಾಣುವುದಿಲ್ಲ, ಅಥವಾ ಒತ್ತಕ್ಷರ ಒಡೆದಿದೆ

'ಕ್ಷೇತ್ರಫಲ = ಉದ್ದ × ಅಗಲ' ಎಂಬುದನ್ನು ನೇರವಾಗಿ ಗಣಿತದ ಮೋಡ್‌ನಲ್ಲಿ ಬರೆದು ನೋಡಿ. ಗಣಿತ ಫಾಂಟಿನಲ್ಲಿ ಕನ್ನಡ ಇಲ್ಲದಿದ್ದರೆ ಪದಗಳೇ ಮಾಯ, ಸಮಚಿಹ್ನೆ ಮತ್ತು ಗುಣಾಕಾರ ಮಾತ್ರ ಉಳಿಯುತ್ತವೆ. ರೇಂಜ್ ಕೊಟ್ಟು ಕನ್ನಡ ಫಾಂಟನ್ನೇ ಒಳಗೆ ತಂದರೂ ಗೆಲ್ಲುವುದಿಲ್ಲ: 'ಕ್ಷೇ' ಎಂಬ ಒಂದು ಅಕ್ಷರ ಕ, ವಿರಾಮ, ಷ, ಏತ್ವ ಎಂದು ಬಿಡಿಬಿಡಿಯಾಗಿ ಚೆಲ್ಲಿಕೊಳ್ಳುತ್ತದೆ. ಗಣಿತದ ಮೋಡ್ ಪ್ರತಿ ಚಿಹ್ನೆಯನ್ನೂ ಒಂಟಿಯಾಗಿ ಎತ್ತಿಕೊಳ್ಳುತ್ತದೆ. ನೆರೆಯ ಚಿಹ್ನೆಗಳನ್ನು ನೋಡಿ ಒತ್ತು ಕಟ್ಟುವ ಕೆಲಸ ಅಲ್ಲಿ ನಡೆಯುವುದೇ ಇಲ್ಲ.

ಕನ್ನಡ ಪದಗಳನ್ನು ಟೆಕ್ಸ್ಟ್ ಆದೇಶದೊಳಗೆ ಇಡಿ. ಎಂಬಾಕ್ಸ್ ಕೂಡ ನಡೆಯುತ್ತದೆ, ಆದರೆ ಅದು ಉಪಾಕ್ಷರದ (ಅಕ್ಷರದ ಮೇಲೆ ಕೆಳಗೆ ಕೂರುವ ಸಣ್ಣ ಅಕ್ಷರ) ಜಾಗದಲ್ಲಿ ಅಕ್ಷರವನ್ನು ಕಿರಿದು ಮಾಡುವುದಿಲ್ಲ. ಅಷ್ಟಾದರೂ ಒತ್ತಕ್ಷರ ಒಡೆಯುತ್ತಿದ್ದರೆ ಸೂತ್ರದ ಹೊರಗಿನ ಪಠ್ಯದಲ್ಲೂ ಒಡೆಯುತ್ತಿದೆಯೇ ನೋಡಿ. ಅಲ್ಲಿಯೂ ಒಡೆದಿದ್ದರೆ ಫಾಂಟ್ ಕರೆಯುವಾಗ ಲಿಪಿ ಕನ್ನಡ ಎಂದು ಹೇಳಿಲ್ಲ, ಅಥವಾ ಲುವಾಲೇಟೆಕ್ ಎಂಜಿನ್‌ನಲ್ಲಿ ಒತ್ತು ಕಟ್ಟುವ ಹಾರ್ಫ್‌ಬಝ್ ರೆಂಡರರ್ ಆಯ್ದಿಲ್ಲ. ಝೀಲೇಟೆಕ್ ಎಂಜಿನ್ ಹಾರ್ಫ್‌ಬಝ್ ಅನ್ನು ತಾನಾಗಿಯೇ ಬಳಸುತ್ತದೆ.

ಲಕ್ಷಣ: ಎರವಲು ಅಕ್ಷರ ದೊಡ್ಡದಾಗಿ ಅಥವಾ ಸಣ್ಣದಾಗಿ ಕಾಣುತ್ತದೆ

ಹತ್ತು ಪಾಯಿಂಟ್ ಎಂದರೆ ಎಲ್ಲ ಫಾಂಟಿನಲ್ಲೂ ಒಂದೇ ಎತ್ತರವಲ್ಲ. ಎಂ ಅಳತೆಯನ್ನು, ಎಂದರೆ ಫಾಂಟಿನ ನಿಗದಿತ ಗಾತ್ರವನ್ನು, 1000 ಭಾಗ ಮಾಡಿದರೆ ಟೆಕ್‌ನ ಮೂಲ ಫಾಂಟಾದ ಕಂಪ್ಯೂಟರ್ ಮಾಡರ್ನ್‌ನಲ್ಲಿ ಸಣ್ಣ ಎಕ್ಸ್‌ನ ಎತ್ತರ 431, ದೊಡ್ಡಕ್ಷರದ್ದು 683. ಟೈಮ್ಸ್ ರೋಮನ್‌ನಲ್ಲಿ 450 ಮತ್ತು 662. ಪ್ಯಾಲಟಿನೋದಲ್ಲಿ 469 ಮತ್ತು 692.

ಈಗ ಟೈಮ್ಸ್ ಪಠ್ಯಕ್ಕೆ ಕಂಪ್ಯೂಟರ್ ಮಾಡರ್ನ್ ಅಕ್ಷರಗಳನ್ನು ಹೊಂದಿಸಿ ನೋಡೋಣ. ಸಣ್ಣಕ್ಷರ ಸರಿಹೋಗಲು 450ನ್ನು 431ರಿಂದ ಭಾಗಿಸಬೇಕು, ಎಂದರೆ 1.044 ಪಟ್ಟು ಹಿಗ್ಗಿಸಬೇಕು. ದೊಡ್ಡಕ್ಷರ ಸರಿಹೋಗಲು 662ನ್ನು 683ರಿಂದ ಭಾಗಿಸಿ 0.969 ಪಟ್ಟಿಗೆ ಕುಗ್ಗಿಸಬೇಕು. ಒಂದು ಹಿಗ್ಗು ಅನ್ನುತ್ತದೆ, ಇನ್ನೊಂದು ಕುಗ್ಗು ಅನ್ನುತ್ತದೆ. ಎರಡಕ್ಕೂ ಒಪ್ಪುವ ಸಂಖ್ಯೆ ಇಲ್ಲವೇ ಇಲ್ಲ. ತಂದಿರುವುದು ಜೋಡಿಗೆರೆಯ ದೊಡ್ಡಕ್ಷರ ಮಾತ್ರವಾದರೆ ಸ್ಕೇಲ್ ಆಯ್ಕೆಗೆ ಮ್ಯಾಚ್‌ಅಪ್ಪರ್‌ಕೇಸ್ ಕೊಡಿ, ಗ್ರೀಕ್ ಸಣ್ಣಕ್ಷರಗಳಾದರೆ ಮ್ಯಾಚ್‌ಲೋವರ್‌ಕೇಸ್. ಎರಡೂ ಬಗೆಯವನ್ನು ತಂದಿದ್ದರೆ ಎರಡು ಬಾರಿ, ಬೇರೆ ಬೇರೆ ಅಳತೆಯಲ್ಲಿ ಕರೆಯಿರಿ. ಅದಕ್ಕೆ ಸಂಕೋಚ ಬೇಡ.

ಮುಖ್ಯ ಫಾಂಟ್ ಲ್ಯಾಟಿನ್ ಅಕ್ಷರಗಳೇ ಇಲ್ಲದ ಕನ್ನಡ ಫಾಂಟಾಗಿದ್ದರೆ ಈ ತಾನಾಗಿ ಹೊಂದಿಸುವ ಲೆಕ್ಕಕ್ಕೆ ನೆಲೆಯೇ ಇರುವುದಿಲ್ಲ, ಏಕೆಂದರೆ ಅಳೆಯಲು ಅಲ್ಲಿ ಎಕ್ಸ್ ಇಲ್ಲ. ಆಗ ಸಂಖ್ಯೆಯನ್ನೇ ಬರೆಯಿರಿ. ನಾನು ಕನ್ನಡದ 'ಗ', ಸಣ್ಣ ಎಕ್ಸ್ ಮತ್ತು ಅಂಕೆ 2 ಮೂರನ್ನೂ ಒಂದೇ ಸಾಲಿನಲ್ಲಿ ಇಟ್ಟು 1.00ರಿಂದ 0.01ರ ಹೆಜ್ಜೆಯಲ್ಲಿ ಬದಲಿಸುತ್ತ ಕಾಗದದ ಮೇಲೆ ಅಚ್ಚು ತೆಗೆದು ನೋಡುತ್ತೇನೆ. ಗಕಾರದ ತಲೆಕಟ್ಟು ಅಂಕೆಯ ನೆತ್ತಿಗಿಂತ ತುಸು ಕೆಳಗಿದ್ದರೆ ಕಣ್ಣಿಗೆ ಹಿತ. ಪರದೆಯ ಮೇಲೆ ಇದನ್ನು ತೀರ್ಮಾನಿಸಬೇಡಿ.

ಗ್ಲಿಫ್ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿದ್ದರೆ ಅಥವಾ ಎರಡು ಪಟ್ಟಾಗಿದ್ದರೆ ಅದು ಬೇರೆಯೇ ರೋಗ. ಯಾರೋ ಫಾಂಟ್ ಸಂಪಾದಕದಲ್ಲಿ ರೇಖೆಗಳನ್ನು ಹಾಗೇ ಎತ್ತಿ ಅಂಟಿಸಿದ್ದಾರೆ. ಒಂದು ಫಾಂಟಿನ ಎಂ 1000 ಘಟಕ, ಇನ್ನೊಂದರದ್ದು 2048 ಘಟಕವಿದ್ದಾಗ ಹೀಗಾಗುತ್ತದೆ.

ಲಕ್ಷಣ: ಗಾತ್ರ ಸರಿಯಿದೆ, ಆದರೆ ಚಿಹ್ನೆ ತೆಳ್ಳಗೆ ಮಂಕಾಗಿ ಅಥವಾ ಕಪ್ಪಗೆ ಕಾಣುತ್ತದೆ

ಇದು ಗೆರೆಯ ದಪ್ಪದ ವ್ಯತ್ಯಾಸ. ಕಂಪ್ಯೂಟರ್ ಮಾಡರ್ನ್‌ನ ಲಂಬ ಗೆರೆ ಸುಮಾರು 69 ಘಟಕ, ಟೈಮ್ಸ್‌ನದು 84. ಇದನ್ನು ಹಿಗ್ಗಿಸಿ ಕುಗ್ಗಿಸಿ ಸರಿಪಡಿಸಲಾಗದು. 69ನ್ನು 84 ಮಾಡಲು ಹೋದರೆ ಅಕ್ಷರವೇ ಐದನೇ ಒಂದು ಭಾಗಕ್ಕಿಂತ ತುಸು ಹೆಚ್ಚು ಬೆಳೆಯುತ್ತದೆ. ಕೃತಕವಾಗಿ ದಪ್ಪಗೊಳಿಸುವ ಆಯ್ಕೆಗಳೂ ನನಗೆ ಒಪ್ಪಿಗೆಯಿಲ್ಲ, ಉಪಾಕ್ಷರದ ಗಾತ್ರದಲ್ಲಿ ಅಕ್ಷರದ ಒಳಸಂದುಗಳು ಮುಚ್ಚಿಕೊಳ್ಳುತ್ತವೆ. ಇಲ್ಲಿ ಮದ್ದು ಒಂದೇ, ಬೇರೆ ಫಾಂಟ್ ಆರಿಸುವುದು. ಟೈಮ್ಸ್ ಜಾತಿಯ ಪಠ್ಯಕ್ಕೆ ಸ್ಟಿಕ್ಸ್ ಟೂ, ಝಿಟ್ಸ್ ಅಥವಾ ಟೆಕ್ ಗೈರ್ ಟರ್ಮಿಸ್ ಮ್ಯಾತ್, ಪ್ಯಾಲಟಿನೋ ಜಾತಿಗೆ ಟೆಕ್ ಗೈರ್ ಪಜೆಲ್ಲಾ ಮ್ಯಾತ್.

ಉಪಾಕ್ಷರದಲ್ಲಿ ಮಾತ್ರ ತೆಳ್ಳಗಾಗುತ್ತಿದ್ದರೆ ಎರವಲು ಫಾಂಟಿನಲ್ಲಿ ಸಣ್ಣ ಗಾತ್ರಕ್ಕೆಂದು ಬಿಡಿಸಿದ ರೂಪಗಳಿಲ್ಲ ಎಂದರ್ಥ. ಕಂಪ್ಯೂಟರ್ ಮಾಡರ್ನ್‌ನಲ್ಲಿ 10, 7, 5 ಪಾಯಿಂಟ್‌ಗಳಿಗೆ ಬೇರೆ ಬೇರೆ ಚಿತ್ರಗಳಿವೆ. ಹತ್ತರ ಚಿತ್ರವನ್ನೇ ಐದಕ್ಕೆ ಕುಗ್ಗಿಸಿದರೆ ಗೆರೆ ಸೊರಗುತ್ತದೆ.

ಲಕ್ಷಣ: 'ಎಫ್'ನ ತಲೆ ಆವರಣಕ್ಕೆ ತಾಗುತ್ತದೆ, ಅಕ್ಷರದ ಮೇಲಿನ ಟೋಪಿ ಒಂದು ಬದಿಗೆ ಜಾರಿದೆ

ಪಠ್ಯದ ಇಟ್ಯಾಲಿಕ್ ಅನ್ನು ಗಣಿತದ ಇಟ್ಯಾಲಿಕ್ ಆಗಿ ದುಡಿಸುತ್ತಿದ್ದೀರಿ. ಪಠ್ಯದಲ್ಲಿ ಅಕ್ಷರಗಳು ಒಂದಕ್ಕೊಂದು ಒತ್ತಿ ಕೂರಬೇಕು, ಸೂತ್ರದಲ್ಲಿ ಪ್ರತಿ ಅಕ್ಷರವೂ ಒಂದು ಚರ, ತನ್ನ ಸುತ್ತ ಗಾಳಿ ಬೇಕು. ಗಣಿತ ಫಾಂಟ್ ಪ್ರತಿ ಅಕ್ಷರಕ್ಕೂ ಅದು ಎಷ್ಟು ಬಾಗಿದೆ, ಟೋಪಿ ಎಲ್ಲಿ ಕೂರಬೇಕು ಎಂಬುದನ್ನು ಬರೆದಿಟ್ಟಿರುತ್ತದೆ. ಪಠ್ಯ ಫಾಂಟಿನಲ್ಲಿ ಆ ಬರಹ ಇಲ್ಲ. ಟೋಪಿ ಅಕ್ಷರದ ಅಗಲದ ನಟ್ಟನಡುವೆ ಕೂರುತ್ತದೆ, ಓರೆಯಾದ ಅಕ್ಷರದ ನೆತ್ತಿ ಮಾತ್ರ ಬಲಕ್ಕಿರುತ್ತದೆ. ಎರಡು ಮೂರು ಕಡೆ ಆಗಿದ್ದರೆ ಕೈಯಲ್ಲೇ ಸಣ್ಣ ಅಂತರ ಸೇರಿಸಿ ಮುಗಿಸಿ. ಪುಸ್ತಕದ ತುಂಬ ಇದ್ದರೆ ಗಣಿತ ಫಾಂಟಿಗೆ ಮರಳಿ.

ಲಕ್ಷಣ: ಹೊಸ ಚಿಹ್ನೆ ಪಕ್ಕದ ಅಕ್ಷರಗಳಿಗೆ ಅಂಟಿಕೊಂಡಿದೆ

ಗ್ಲಿಫ್ ಸರಿಯಾಗಿಯೇ ಬಂದಿದೆ, ಅದರ ವರ್ಗ ಹೇಳಿಲ್ಲ. ಟೆಕ್‌ನಲ್ಲಿ ಒಂದು ಎಂ ಎಂದರೆ 18 ಮ್ಯೂ. ಸಂಬಂಧಚಿಹ್ನೆಯ ಎರಡೂ ಬದಿಗೆ 5 ಮ್ಯೂ, ಕೂಡು ಕಳೆಯಂಥ ಕ್ರಿಯಾಚಿಹ್ನೆಗೆ 4 ಮ್ಯೂ, ಸಾಮಾನ್ಯ ಅಕ್ಷರಗಳ ನಡುವೆ ಸೊನ್ನೆ. ಹೊಸ ಚಿಹ್ನೆಯನ್ನು ಮ್ಯಾತ್‌ರೆಲ್ ಅಥವಾ ಮ್ಯಾತ್‌ಬಿನ್‌ನೊಳಗೆ ಇಟ್ಟರೆ ಸಾಕು. ಕೈಯಲ್ಲಿ ಜಾಗ ಬಿಡುತ್ತ ಹೋಗಬೇಡಿ, ಉಪಾಕ್ಷರದಲ್ಲಿ ಅದೇ ಜಾಗ ಅತಿಯಾಗುತ್ತದೆ.

ಲಕ್ಷಣ: ಮೂಲಚಿಹ್ನೆಯ ಛಾವಣಿ ಮುರಿದಿದೆ, ಆವರಣ ಬೆಳೆಯುವುದಿಲ್ಲ, ∫ ಗಿಡ್ಡವಾಗಿದೆ

ಇಲ್ಲಿಂದ ಕಷ್ಟದ ಕೆಲಸ ಶುರು. √ ಎಂಬುದರಲ್ಲಿ ಎರಡು ಭಾಗ: ಕೊಕ್ಕೆ ಫಾಂಟಿನ ಗ್ಲಿಫ್, ಮೇಲಿನ ಅಡ್ಡಗೆರೆ ಎಂಜಿನ್ ಎಳೆಯುವ ಪಟ್ಟಿ. ಲುವಾಲೇಟೆಕ್‌ನಲ್ಲಿ ಪಟ್ಟಿಯ ದಪ್ಪ ಮುಖ್ಯ ಫಾಂಟಿನ ಕೋಷ್ಟಕದಿಂದ ಬರುತ್ತದೆ, ಕೊಕ್ಕೆ ಎರವಲು ಫಾಂಟಿನಿಂದ. ಎರಡೂ ಸೇರುವ ಮೂಲೆಯನ್ನು ಎಂಟು ಪಟ್ಟು ಹಿಗ್ಗಿಸಿ ನೋಡಿ, ಮೆಟ್ಟಿಲಿನಂಥ ಒಂದು ತೊಡರು ಕಾಣುತ್ತದೆ. ಹಾಗಾಗಿ √ ಒಂದನ್ನೇ ಎರವಲು ತರಬೇಡಿ ಎಂಬುದು ನನ್ನ ಖಚಿತ ಸಲಹೆ.

ಆವರಣ ಎತ್ತರವಾಗಲು ಫಾಂಟಿನಲ್ಲಿ ದೊಡ್ಡ ರೂಪಗಳೂ, ಅದಕ್ಕೂ ಮೀರಿದಾಗ ತಲೆ, ಮೈ, ಬುಡ ಎಂಬ ತುಂಡುಗಳೂ ಇರಬೇಕು. ಪಠ್ಯ ಫಾಂಟಿನಿಂದ ತಂದ ಆವರಣಕ್ಕೆ ಇವಿಲ್ಲ, ಮೂರು ಸಾಲಿನ ಮಾತೃಕೆಯ ಪಕ್ಕದಲ್ಲೂ ಒಂದೇ ಸಾಲಿನ ಎತ್ತರದಲ್ಲಿ ನಿಂತಿರುತ್ತದೆ. ∫ ಗಿಡ್ಡವಾಗಿದ್ದರೆ, ಪ್ರದರ್ಶನ ಸೂತ್ರದಲ್ಲಿ (ಪ್ರತ್ಯೇಕ ಸಾಲಿನಲ್ಲಿ ನಿಲ್ಲುವ ಸೂತ್ರ) ದೊಡ್ಡ ಚಿಹ್ನೆಗಳು ಕನಿಷ್ಠ ಎಷ್ಟು ಎತ್ತರವಿರಬೇಕೆಂಬ ಮಿತಿ ಮುಖ್ಯ ಫಾಂಟಿನದು. ಆ ಮಿತಿಗೆ ಎರವಲು ಫಾಂಟಿನ ಚಿಕ್ಕ ರೂಪವೇ ಸಾಕಾದರೆ ಎಂಜಿನ್ ಅದನ್ನೇ ಎತ್ತಿಕೊಳ್ಳುತ್ತದೆ. ಸ್ಕೇಲ್ ಅನ್ನು ತುಸು ಬದಲಿಸಿ ನೋಡಬಹುದು, ಕೆಲವೊಮ್ಮೆ ಅಷ್ಟರಿಂದಲೇ ಮುಂದಿನ ರೂಪಕ್ಕೆ ಜಿಗಿಯುತ್ತದೆ.

ಲಕ್ಷಣ: ಒಂದು ಚಿಹ್ನೆ ಸೇರಿಸಿದ್ದಕ್ಕೆ ಇಡೀ ಪುಸ್ತಕದ ಸೂತ್ರಗಳು ಕದಲಿವೆ

ನನ್ನ ∫ ಕಥೆ ಇದೇ. ಲುವಾಲೇಟೆಕ್‌ನಲ್ಲಿ ಕೊನೆಯಲ್ಲಿ ಕರೆದ ಫಾಂಟಿನ ಅಳತೆಗಳು ಮೊದಲಿನವನ್ನು ಅಳಿಸಿ ಕೂತಿದ್ದವು. ಎಲ್ಲ ಎರವಲುಗಳೂ ಮುಗಿದ ಮೇಲೆ ಮುಖ್ಯ ಫಾಂಟನ್ನು ರೇಂಜ್ ಖಾಲಿ ಬಿಟ್ಟು ಇನ್ನೊಮ್ಮೆ ಕರೆದೆ. ಗ್ಲಿಫ್‌ಗಳು ಯಾವುವೂ ಬದಲಾಗಲಿಲ್ಲ, ಅಳತೆಗಳು ಮನೆಗೆ ಮರಳಿದವು. ಕ್ರಮ ಹೀಗಿರಲಿ: ಮೊದಲು ಮುಖ್ಯ ಫಾಂಟ್ ಪೂರ್ತಿಯಾಗಿ, ಆಮೇಲೆ ಎರವಲುಗಳು, ಕೊನೆಗೆ ಮುಖ್ಯ ಫಾಂಟ್ ಖಾಲಿ ರೇಂಜ್‌ನೊಡನೆ. ಎರವಲುಗಳನ್ನು ಮೊದಲು ಬರೆದು ಮುಖ್ಯ ಫಾಂಟನ್ನು ರೇಂಜ್ ಇಲ್ಲದೆ ಆಮೇಲೆ ಕರೆದರೆ ಎರವಲುಗಳೇ ಅಳಿದುಹೋಗುತ್ತವೆ.

ಪಿಡಿಎಫ್‌ಲೇಟೆಕ್‌ನಲ್ಲಿ ಇದೇ ಲಕ್ಷಣಕ್ಕೆ ಕಾರಣ ಬೇರೆ. ಒಂದು ಚಿಹ್ನೆಗಾಗಿ ಮ್ಯಾತ್‌ಎಬಿಎಕ್ಸ್‌ನಂಥ ಇಡೀ ಪ್ಯಾಕೇಜನ್ನು ಕರೆದರೆ ಅದು ಉಳಿದ ಚಿಹ್ನೆಗಳನ್ನೂ ತನ್ನದಾಗಿಸಿಕೊಳ್ಳುತ್ತದೆ. ಪ್ಯಾಕೇಜ್ ತೆಗೆದುಹಾಕಿ, ಬೇಕಾದ ಫಾಂಟನ್ನು ಡಿಕ್ಲೇರ್‌ಸಿಂಬಲ್‌ಫಾಂಟ್ ಆದೇಶದಿಂದ ಪರಿಚಯಿಸಿ, ಆ ಒಂದು ಚಿಹ್ನೆಯನ್ನು ಮಾತ್ರ ಡಿಕ್ಲೇರ್‌ಮ್ಯಾತ್‌ಸಿಂಬಲ್‌ನಿಂದ ಹೆಸರಿಸಿ.

ಲಕ್ಷಣ: ಗಣಿತದ ಅಕ್ಷರಮಾಲೆಗಳು ಅತಿಯಾದವು ಎಂದು ಕೆಲಸ ನಿಲ್ಲುತ್ತದೆ

ಪಿಡಿಎಫ್‌ಲೇಟೆಕ್‌ನಲ್ಲಿ ಗಣಿತದ ಫಾಂಟ್ ಕುಟುಂಬಗಳಿಗೆ ಇರುವುದು 16 ಜಾಗ. ಲೇಟೆಕ್ ತಾನೇ ನಾಲ್ಕನ್ನು ಹಿಡಿಯುತ್ತದೆ, ಅಮೆರಿಕನ್ ಮ್ಯಾಥಮ್ಯಾಟಿಕಲ್ ಸೊಸೈಟಿಯ ಚಿಹ್ನೆಗಳು ಇನ್ನೆರಡನ್ನು. ದಪ್ಪ ಚಿಹ್ನೆಗಳ ಬಿಎಂ ಪ್ಯಾಕೇಜ್ ಮತ್ತಷ್ಟನ್ನು ಕಾದಿರಿಸುತ್ತದೆ. ಅದನ್ನು ಕರೆಯುವ ಮುಂಚೆ ಬಿಎಂಮ್ಯಾಕ್ಸ್ ಅನ್ನು ಸೊನ್ನೆಗೆ ಇಳಿಸಿದರೆ ಎಷ್ಟೋ ಸಲ ಬಿಕ್ಕಟ್ಟು ಕರಗುತ್ತದೆ. ಇಲ್ಲವಾದರೆ ಝೀಲೇಟೆಕ್ ಅಥವಾ ಲುವಾಲೇಟೆಕ್‌ಗೆ ಹೋಗಿ, ಅಲ್ಲಿ 256 ಜಾಗಗಳಿವೆ.

ಎಲ್ಲಿ ನಿಲ್ಲಿಸಬೇಕು

ಮ್ಯಾತ್ ಕೋಷ್ಟಕವನ್ನೇ ತಿದ್ದಬೇಕೆಂದು ಅನಿಸಿದ ಕ್ಷಣ ನಿಲ್ಲಿಸಿ. ಅದು ಫಾಂಟ್ ವಿನ್ಯಾಸಕರ ಕೆಲಸ. ನಿಮ್ಮ ಹತ್ತು ಸಾಲಿನ ಕಡತ, ಅದರ ಪಿಡಿಎಫ್, ಫಾಂಟಿನ ಆವೃತ್ತಿ ಸಂಖ್ಯೆ ಮೂರನ್ನೂ ಜೋಡಿಸಿ ಫಾಂಟ್ ಮಾಡಿದವರಿಗೇ ಬರೆಯಿರಿ. ಸಂಶೋಧನ ಪತ್ರಿಕೆಗೆ ಕಳುಹಿಸುವ ಲೇಖನವಾದರೆ ಫಾಂಟ್ ಬೆರೆಸುವ ಗೋಜಿಗೇ ಹೋಗಬೇಡಿ, ಅವರು ತಮ್ಮ ಶೈಲಿಯಲ್ಲಿ ಮತ್ತೆ ಅಕ್ಷರ ಜೋಡಿಸುತ್ತಾರೆ.

ಪರವಾನಗಿಯನ್ನೂ ಓದಿ. ಬೇರೆ ತಂತ್ರಾಂಶದ ಜೊತೆ ಬಂದ ಫಾಂಟಿನಿಂದ ಗ್ಲಿಫ್ ಕಿತ್ತು ಹೊಸ ಫಾಂಟ್ ಮಾಡಿ ಸಾಮಾನ್ಯವಾಗಿ ಹಂಚುವಂತಿಲ್ಲ. ಮುಕ್ತ ಫಾಂಟ್ ಪರವಾನಗಿ ತಿದ್ದಲು ಬಿಡುತ್ತದೆ, ಆದರೆ ಕಾದಿರಿಸಿದ ಹೆಸರಿದ್ದರೆ ತಿದ್ದಿದ ಫಾಂಟಿಗೆ ಬೇರೆ ಹೆಸರಿಡಬೇಕು. ಹೆಸರು ಬದಲಿಸದೆ ಉಳಿಸಿದ ಫಾಂಟ್ ನಿಮ್ಮದೇ ಗಣಕದಲ್ಲಿ ಅಸಲಿಯ ಜೊತೆ ಗೊಂದಲ ಎಬ್ಬಿಸುತ್ತದೆ.

ಮುದ್ರಣಾಲಯಕ್ಕೆ ಕೊಡುವ ಮುನ್ನ ಪಿಡಿಎಫ್‌ಫಾಂಟ್ಸ್ ಎಂಬ ಸಲಕರಣೆಯಿಂದ ಕಡತವನ್ನು ಪರೀಕ್ಷಿಸಿ, ಪ್ರತಿ ಫಾಂಟ್ ಎದುರೂ ಅದು ಕಡತದೊಳಗೆ ಅಡಕವಾಗಿದೆ ಎಂಬ ಗುರುತು ಇರಬೇಕು. ಬಳಿಕ ಭಿನ್ನರಾಶಿ, √, ∫, ∑, ಜೋಡಿಗೆರೆಯ ಅಕ್ಷರ, ಉಪಾಕ್ಷರದ ಮೇಲೊಂದು ಉಪಾಕ್ಷರ, ಟೆಕ್ಸ್ಟ್‌ನೊಳಗಿನ ಕನ್ನಡ ಇವೆಲ್ಲ ಇರುವ ಒಂದು ಪುಟವನ್ನು ಆರಿಸಿ, ಪುಸ್ತಕಕ್ಕೆ ಬಳಸುವ ಕಾಗದದ ಮೇಲೆಯೇ ಅಚ್ಚು ಹಾಕಿಸಿ ನೋಡಿ.